ಮೊಟ್ಟೆಯ ವಾಸನೆ

ವೆಜ್ ಕಸದಿಂದ ಬರುವ ಗ್ಯಾಸಿನಿಂದ ಯಾರಿಗೂ ಏನೂ ಆಗುವುದಿಲ್ಲ, ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಬೆಳಗ್ಗೆ ಗಂಡ ರಂಜನ್ ಬೂಟಿನ ಲೇಸು ಕಟ್ಟುತ್ತ ಹೇಳಿದ್ದ. ಹೇಳುವಾಗ ತಲೆ ಎತ್ತಿರಲಿಲ್ಲ. ಆ ಮಾತು ಬೂಟಿಗೆ ಹೇಳಿದ್ದೋ ತನಗೆ ಹೇಳಿದ್ದೋ ಎಂದು ಕೇಳಬೇಕಿತ್ತು ಅನ್ನುವುದು ಸ್ವರ್ಣಲತಾಗೆ ಹೊಳೆದದ್ದು ಠಾಕುರ್ಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ಸೇತುವೆ ದಾಟಿ, ಪನ್ವೇಲ್ ಗಾಡಿಯ ಪ್ಲಾಟ್‌ಫಾರ್ಮಿನಲ್ಲಿ ಜನರ ನಡುವೆ ನಿಂತ ಮೇಲೆ. ಅವಳಿಗೆ ಯಾವಾಗಲೂ ಹೀಗೆಯೇ. ಮಾತು ತಡವಾಗಿ ಬರುತ್ತಿತ್ತು, ಸಿಟ್ಟು ಅದಕ್ಕಿಂತಲೂ ತಡವಾಗಿ. ಬಂದಾಗ ಎದುರಿಗೆ ಇರುತ್ತಿದ್ದವರು ಬೇರೆ ಯಾರೋ ಪಾಪದವರು. ಈಗ ಎದುರಿಗೆ ಇದ್ದವಳು ಬೆನ್ನಿಗೆ ಹಾಕಿಕೊಂಡ ಚೀಲದಿಂದ ಅವಳ ಎದೆಗೆ ಒತ್ತುತ್ತಿದ್ದ ಒಬ್ಬ ಹುಡುಗಿ. ‘ಬ್ಯಾಗ್ ಆಗೇ ಲೇ ನಾ!’ ಎಂದು ಗದರಿಸಿದಳು. ಹುಡುಗಿ ತಿರುಗಿ ನೋಡಿ, ರೇಶ್ಮೆ ಸೀರೆಯನ್ನೂ ಅದರ ಮೇಲಿನ ಮುಖವನ್ನೂ ಅಳೆದು, ‘ಸಾರಿ ಆಂಟಿ’ ಅಂದಳು. ಈ ಸೀರೆಯೂ ರಂಜನನದೇ ಆಯ್ಕೆ. ಕಾಟನ್ ಬೇಡ, ವೇದಿಕೆಯಲ್ಲಿ ಕೂರುದು, ನಾಲ್ಕು ಜನ ನೋಡ್ತಾರೆ. ಅವನು ಕಾರಿನಲ್ಲಿ ಬೇಗ ಹೊರಟಿದ್ದ, ಹೋಮಕ್ಕೆ ಬೇಕಾದ ಸಾಮಾನು ಇತ್ತು. ಬಾ ಅಂದಿದ್ದ, ತಲೆನೋವು, ಆಮೇಲೆ ಬರುತ್ತೇನೆ ಅಂದಿದ್ದಳು. ತಲೆ ನೋಯುತ್ತಿರಲಿಲ್ಲ. ಮುಚ್ಚಿದ ಕಾರಿನಲ್ಲಿ ಒಂದೂವರೆ ಗಂಟೆ ಅವನು ಬಿಟ್ಟ ಉಸಿರನ್ನು ಎಳೆದುಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ. ಮಗಳು ಅಶ್ಮಿತಾ ಹಾಸಿಗೆಯಿಂದಲೇ, ‘ಮಮ್ಮಾ, ತೂ ನಹೀಂ ಬೋಲೇಗೀ ತೋ ಕೌನ್ ಬೋಲೇಗಾ?’ ನೀನು ಹೇಳದಿದ್ದರೆ ಯಾರು ಹೇಳುತ್ತಾರೆ, ಎಂದು ಕೇಳಿ ಮತ್ತೆ ಫೋನಿನೊಳಗೆ ಹೋಗಿದ್ದಳು. ಎಷ್ಟು ಸುಲಭ ಈ ಹುಡುಗಿಗೆ. ಹಿಂದಿಯಲ್ಲಿ ಸತ್ಯ ಹೇಳುವುದು ಸುಲಭವೇ ಇರಬೇಕು, ಕೇಳುವವರು ಯಾರೂ ನೆಂಟರಲ್ಲ.

ಗಾಡಿ ಬಂತು, ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಸಿಕ್ಕಿದ್ದಕ್ಕೂ ಸಿಟ್ಟು ಬಂತು, ಯಾಕೆಂದರೆ ನಿಂತಿದ್ದರೆ ಯೋಚನೆ ಇಷ್ಟು ಆರಾಮವಾಗಿ ಬಂದು ಪಕ್ಕದಲ್ಲಿ ಕೂರುತ್ತಿರಲಿಲ್ಲ. ಸೀವುಡ್ಸಿನಲ್ಲಿರುವ ಊರವರ ಸಂಘದ ಭವನದಲ್ಲಿ ಇವತ್ತು ಗ್ಯಾಸ್ ತೊಟ್ಟಿಗೆ ಸಂಪ್ರೋಕ್ಷಣೆ. ಅಡುಗೆಮನೆಯ ಹಿಂದೆ ನೆಲದೊಳಗೆ ಕಟ್ಟಿದ ಆ ತೊಟ್ಟಿಗೆ ಮದುವೆ, ಮುಂಜಿ, ಸತ್ಯನಾರಾಯಣ ಪೂಜೆಗಳಲ್ಲಿ ಉಳಿದದ್ದನ್ನು ಸುರಿಯುತ್ತಾರೆ. ಅದು ಒಳಗೆ ಕೊಳೆತು ಹುಟ್ಟಿದ ಗ್ಯಾಸು ಕೊಳವೆಯಲ್ಲಿ ಹೋಗಿ ದೇವರ ನೈವೇದ್ಯ ಬೇಯುವ ಒಲೆಯಲ್ಲಿ ಉರಿಯುತ್ತದೆ. ಆ ಒಲೆಯ ದೆಸೆಯಿಂದಲೇ ತೊಟ್ಟಿಯ ಬಾಯಲ್ಲಿ ಬೋರ್ಡು: ಮೀನು, ಮಾಂಸ, ಮೊಟ್ಟೆ ಹಾಕಬಾರದು. ಆ ತೊಟ್ಟಿಗೆ ಇಳಿದು ಶಂಕ್ರೆಪ್ಪ ಸತ್ತು ಇನ್ನೂ ತಿಂಗಳಾಗಿಲ್ಲ. ಭವನದ ಗುಡಿಸುವುದು, ಒರೆಸುವುದು, ಕಸ ಸುರಿಯುವುದು, ಎಲ್ಲ ಅವನೇ ಮಾಡುತ್ತಿದ್ದ, ಅಫಜಲಪುರದ ಕಡೆಯವನು. ಕುಡಿದು ಇಳಿದ, ತಲೆ ತಿರುಗಿ ಬಿದ್ದ, ಎಂದು ಭವನ ಹೇಳಿತು. ಪೋಸ್ಟ್‌ಮಾರ್ಟಂ ವರದಿ ಬರಲು ಇನ್ನೂ ಹೊತ್ತಿದೆಯಂತೆ. ಬಾಯಿಮಾತಿನ ವರದಿ ಹೆಣಕ್ಕಿಂತ ಮೊದಲೇ ಅಫಜಲಪುರ ಮುಟ್ಟಿತ್ತು. ಈಗ ತೊಟ್ಟಿ ಮತ್ತೆ ಶುರುವಾಗಬೇಕು, ಜನಕ್ಕೆ ಅಂಜಿಕೆ ಇರಬಾರದು, ಕಲ್ಯಾಣದ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುವ ನಮ್ಮದೇ ಹೆಂಗಸು ಮೈಕಿನಲ್ಲಿ ಎರಡು ಮಾತು ಹೇಳಿಬಿಟ್ಟರೆ ಮುಗಿಯಿತು.

ತೊಟ್ಟಿ ಉದ್ಘಾಟನೆಯ ದಿನವೂ ಅವಳ ಕೈಗೆ ಮೈಕು ಕೊಟ್ಟಿದ್ದರು. ಅವತ್ತು ಅವಳು ನಿಜವಾದ ಉತ್ಸಾಹದಲ್ಲಿ, ತರಗತಿಯಲ್ಲೂ ಬಾರದ ಉತ್ಸಾಹದಲ್ಲಿ, ಬ್ಯಾಕ್ಟೀರಿಯಾಕ್ಕೆ ವೆಜ್ಜೂ ಗೊತ್ತಿಲ್ಲ, ನಾನ್‌ವೆಜ್ಜೂ ಗೊತ್ತಿಲ್ಲ, ಬಂಗುಡೆ ಮೀನಿನ ಪ್ರೋಟೀನನ್ನು ಒಡೆದರೂ ಉದ್ದಿನಬೇಳೆಯ ಪ್ರೋಟೀನನ್ನು ಒಡೆದರೂ ಸಿಗುವುದು ಅದೇ ಅಮೈನೋ ಆಮ್ಲಗಳು, ಆದ್ದರಿಂದ ಬೇಳೆ, ಮೊಸರು, ಪನೀರು ಒಟ್ಟಿಗೇ ತುಂಬಾ ಸುರಿಯಬೇಡಿ ಎಂದು ಹೇಳಹೊರಟಿದ್ದಳು. ‘ಆದ್ದರಿಂದ’ ತನಕ ಬಂದಿದ್ದಳು. ಅಧ್ಯಕ್ಷ ಮಧ್ವೇಶರಾಯರು ನಗುತ್ತ ಎದ್ದು, ಬಹಳ ಪ್ರೀತಿಯಿಂದ ಮೈಕು ತೆಗೆದುಕೊಂಡು, ‘ನಮ್ಮ ಮೇಡಂ ಇಡ್ಲಿಯನ್ನೂ ಬಂಗುಡೆ ಮಾಡಿಬಿಟ್ರು ಮಾರ್ರೆ! ಇನ್ನು ತಿಂಡಿಗೆ ಕೂರ್ಲಿಕ್ಕೆ ಹೆದರಿಕೆ ಆಗ್ತದೆ’ ಅಂದರು. ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ರಂಜನ್ ಎಲ್ಲರಿಗಿಂತ ಜೋರಾಗಿ ನಕ್ಕ. ಡೊಂಬಿವಲಿಯಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು ನಡೆಸಿ, ಮನೆಯಲ್ಲಿ ಭಾನುವಾರ ಬಂಗುಡೆಯ ಮುಳ್ಳನ್ನು ಚೀಪಿ ಚೀಪಿ ತಟ್ಟೆಯ ಅಂಚಿಗೆ ಸಾಲಾಗಿ ಇಡುವ ರಂಜನ್. ಅದಲ್ಲ ಅವಳನ್ನು ಕೊರೆಯುವುದು. ಅವಳೂ ನಕ್ಕಿದ್ದಳು. ಹಲ್ಲು ಕಾಣುವಷ್ಟು ನಕ್ಕು, ಸೆರಗು ಸರಿಮಾಡಿಕೊಂಡು, ಹೆಂಗಸರ ಸಾಲಿಗೆ ಹೋಗಿ ಕೂತಿದ್ದಳು. ಫೋಟೋದಲ್ಲಿದೆ. ಭವನದ ಗೋಡೆಯಲ್ಲಿ ಈಗಲೂ ತೂಗುತ್ತಿದೆ, ಅವಳ ಹಲ್ಲು.

ಗಾಳಿ ಇರುವ ಕಡೆ ಬದುಕುವುದು ದೊಡ್ಡ ವಿಷಯವಲ್ಲ, ಎಂದು ಅವಳು ಪ್ರತಿ ವರ್ಷ ಪಾಠ ಶುರುಮಾಡುತ್ತಾಳೆ. ತಿಂದದ್ದನ್ನು ಉರಿಸಲು ಆಮ್ಲಜನಕ ಇದೆ, ಕಿತ್ತ ಎಲೆಕ್ಟ್ರಾನುಗಳನ್ನೆಲ್ಲ ಅದರ ತಲೆಗೆ ಕಟ್ಟಿದರೆ ಆಯಿತು. ಗಾಳಿ ಇಲ್ಲದ ಕಡೆ, ಕೆಸರಿನ ತಳದಲ್ಲಿ, ಮುಚ್ಚಿದ ತೊಟ್ಟಿಯಲ್ಲಿ, ಬೀಗಿದ ಗಾಯದೊಳಗೆ ಬದುಕುವವು ಏನು ಮಾಡಬೇಕು? ಅವು ಒಂದು ಅಮೈನೋ ಆಮ್ಲವನ್ನು ಹಿಡಿದು ಅದರಿಂದ ಎಲೆಕ್ಟ್ರಾನು ಕಿತ್ತುಕೊಳ್ಳುತ್ತವೆ. ಇಟ್ಟುಕೊಳ್ಳಲು ಜಾಗವಿಲ್ಲದೆ ಅದನ್ನು ಪಕ್ಕದ ಇನ್ನೊಂದು ಅಮೈನೋ ಆಮ್ಲದ ಮೇಲೆ ಹೇರುತ್ತವೆ. ಅಲನಿನ್ ಕೊಡುತ್ತದೆ, ಗ್ಲೈಸಿನ್ ಹೊರುತ್ತದೆ. ಕೊಟ್ಟದ್ದೂ ಮುರಿಯುತ್ತದೆ, ಹೊತ್ತದ್ದೂ ಮುರಿಯುತ್ತದೆ, ನಡುವೆ ಬ್ಯಾಕ್ಟೀರಿಯಾದ ಒಂದು ಹೊತ್ತಿನ ಊಟ ಆಗುತ್ತದೆ. ಮಿಕ್ಕದ್ದೆಲ್ಲ ಹೊರಗೆ: ಅಮೋನಿಯಾ, ಬೆವರು ನಾರುವ ಹುಳಿ ಆಮ್ಲಗಳು, ಗಂಧಕ ಇದ್ದ ಅಮೈನೋ ಆಮ್ಲವಾದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ಇದನ್ನು ಹೇಳುವಾಗ ಅವಳು ಬೋರ್ಡಿನಲ್ಲಿ ಎರಡು ಬಾಣ ಬರೆಯುತ್ತಾಳೆ. ಈ ವರ್ಷ, ಶಂಕ್ರೆಪ್ಪ ಸತ್ತ ಮೇಲೆ, ಬಾಣ ಬರೆಯುವಾಗ ಚಾಕ್‌ಪೀಸು ಮುರಿಯಿತು. ತನ್ನ ಮೇಲೆ ಇದ್ದದ್ದನ್ನು ಪಕ್ಕದವನ ಮೇಲೆ ಹೇರಿ ಹೊಟ್ಟೆ ಹೊರೆಯುವ ಜನ ಈ ಭವನದವರು, ಎಂದು ಯೋಚಿಸುತ್ತ ನಿಂತುಬಿಟ್ಟಿದ್ದಳು, ಹಿಂದಿನ ಬೆಂಚಿನಿಂದ, ‘ಮ್ಯಾಮ್, ಯೇ ಎಕ್ಸಾಮ್ ಮೇಂ ಆಯೇಗಾ ಕ್ಯಾ?’ ಎಂದು ಕೇಳಿದ್ದರು. ‘ಆಯೇಗಾ’ ಅಂದಿದ್ದಳು, ‘ಪಕ್ಕಾ ಆಯೇಗಾ.’ ಹುಡುಗರೆಲ್ಲ ತಲೆ ಬಗ್ಗಿಸಿ ಬರೆದುಕೊಂಡಿದ್ದರು, ಅವಳಿಗೆ ಅವರ ಬಗ್ಗಿದ ಕತ್ತುಗಳನ್ನು ನೋಡಿ ಅಳು ಬಂದಿತ್ತು, ಅಳು ಸಿಟ್ಟಾಗಿ, ಹಾಜರಿ ಕರೆಯುವಾಗ ಎಲ್ಲರ ಮೇಲೂ ಕೂಗಾಡಿದ್ದಳು.

ಐರೋಲಿ ದಾಟಿತು. ಶಂಕ್ರೆಪ್ಪ ಸಾಯುವುದಕ್ಕೆ ವಾರ ಮೊದಲು ಭವನದಲ್ಲಿ ಒಂದು ಮದುವೆ, ಆ ದಿನ ಹೀಗೆ ಗಾಡಿ ಓಡಿರಲಿಲ್ಲ. ಮಳೆಗೆ ಹಳಿಗಳ ಮೇಲೆ ನೀರು ನಿಂತು ಕುರ್ಲಾದಿಂದ ಇತ್ತ ಎಲ್ಲ ಬಂದ್. ಕರೆದವರಲ್ಲಿ ಕಾಲು ಪಾಲೂ ಬರಲಿಲ್ಲ. ಬೆಳಗಿನ ಇಡ್ಲಿಗೆ ರುಬ್ಬಿದ ಉದ್ದಿನ ಹಿಟ್ಟು, ಸಾಂಬಾರಿನ ಬೇಳೆ, ಮೊಸರು, ಪನೀರು, ಎಲ್ಲ ಹಂಡೆಗಟ್ಟಲೆ ಉಳಿಯಿತು. ಹೋಟೆಲಿನವರಿಗೆ ಅನ್ನವನ್ನು ಗಟಾರಕ್ಕೆ ಸುರಿಯುವುದೆಂದರೆ ಕರುಳು ಕಿತ್ತು ಬರುತ್ತದೆ. ಗಟಾರಕ್ಕೆ ಯಾಕೆ, ತೊಟ್ಟಿಗೆ ಹಾಕುವಾ, ದೇವರ ಒಲೆಗೇ ಬರ್ತದಲ್ಲ, ಪುಣ್ಯವಾದರೂ ಬರ್ಲಿ ಅಂದರು ಮಧ್ವೇಶರಾಯರು. ಶಂಕ್ರೆಪ್ಪ ಹೊತ್ತು ಹೊತ್ತು ಸುರಿದ. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಸ್ವರ್ಣಲತಾಗೆ ಹೊಟ್ಟೆ ಉರಿಯುವುದು ಅದಕ್ಕೇ. ಕೆಟ್ಟದ್ದು ಬಯಸಿದ ಒಬ್ಬನಾದರೂ ಸಿಕ್ಕಿದ್ದರೆ ಅವನ ಮೇಲೆ ಉಗುಳಿ ಮುಗಿಸಬಹುದಿತ್ತು.

ರಬಾಳೆಯಲ್ಲಿ ಗಾಡಿ ನಿಲ್ಲುವಾಗ ಕಾರ್ಖಾನೆಗಳ ಕಡೆಯಿಂದ ಸುಟ್ಟ ರಬ್ಬರಿನ ಗಾಳಿ ಒಳಗೆ ನುಗ್ಗಿತು. ಪ್ಲಾಟ್‌ಫಾರ್ಮಿನಲ್ಲಿ ತೊಳೆದ ಹಸಿರು ಸೀರೆ ಉಟ್ಟು, ಪ್ಲಾಸ್ಟಿಕ್ ಚೀಲ ಎದೆಗೊತ್ತಿಕೊಂಡು ನಿಂತಿದ್ದ ಹೆಂಗಸನ್ನು ಕಂಡು ಅವಳು ತಟಕ್ಕನೆ ಮುಖ ತಿರುಗಿಸಿ ಆ ಕಡೆಯ ಕಿಟಕಿಯನ್ನು ನೋಡತೊಡಗಿದಳು. ಶಂಕ್ರೆಪ್ಪನ ಹೆಂಡತಿ ಸಾಬವ್ವ. ಬೇರೆ ಡಬ್ಬಿಗೆ ಹೋಗಲಿ. ಹೋಗಲಿ.

‘ಅಕ್ಕೋರ! ನೀವೂ ಇದ ಗಾಡ್ಯಾಗ? ಛಲೋ ಆತ್ ನೋಡ್ರಿ. ನನಗ ಆ ಭವನಕ್ಕ ಒಬ್ಬಾಕಿ ಹೋಗಾಕ ಕಾಲ ಬರ್ಲಿಕ್ಕಿಲ್ಲ ಅಂತಿದ್ವು.’

ಸಾಬವ್ವ ಎದುರಿನ ಸೀಟಿನಲ್ಲಿ ಇದ್ದವರನ್ನು ‘ಜರಾ ಸರ್ಕೋ’ ಎಂದು ಸರಿಸಿ ಕೂತಳು. ಮುಖ ಇಳಿದಿತ್ತು, ಆದರೆ ಮಾತು ಇಳಿದಿರಲಿಲ್ಲ.

‘ಹೇಗಿದ್ದೀ ಸಾಬವ್ವ?’ ಕೇಳಿದ ಮೇಲೆ ನಾಲಗೆ ಕಚ್ಚಿಕೊಳ್ಳಬೇಕೆನಿಸಿತು.

‘ಹಿಂಗ ಅದೀನ್ರಿ. ಪಾಕೀಟ ತುಂಬೋ ಕೆಲಸಕ್ಕ ಹೋಗ್ತೀನಿ ಇಲ್ಲೇ ರಬಾಳ್ಯಾಗ. ಹುಡುಗ್ರು ಊರಾಗ ಮಾವನ ಬಲ್ಲಿ ಅದಾವ. ನಿಮ್ ಮನಿಯವ್ರು ಫೋನ್ ಮಾಡಿದ್ರು. ಬಾ ಸಾಬವ್ವ, ಭವನದಾಗ ನಿನಗ ಪರ್ಮನೆಂಟ್ ಕೆಲಸ ಕೊಡ್ತೀವಿ, ಪೂಜಿ ದಿನಾನ ಶುರು ಮಾಡು ಅಂದ್ರು.’

‘ಯಾವ ಕೆಲಸ?’

‘ಯಾವ್ದ್ರಿ ಮತ್ತ? ಅಂವಂದ. ಆ ಗುಂಡಿಗಿ ಕಸ ಹಾಕೂದು.’

ರಂಜನ್ ಇದನ್ನು ಅವಳಿಗೆ ಹೇಳಿರಲಿಲ್ಲ. ಲೇಸು ಕಟ್ಟುತ್ತ ತಲೆ ಎತ್ತದೆ ಇದ್ದದ್ದು ಇದಕ್ಕೆ. ಗಂಡ ಸತ್ತ ಗುಂಡಿಯ ಬಾಯಲ್ಲಿ ಹೆಂಡತಿಯನ್ನು ನಿಲ್ಲಿಸಿ, ಅದಕ್ಕೆ ಉಪಕಾರ ಎಂದು ಹೆಸರಿಟ್ಟು, ಹೆಂಡತಿಯೇ ಬಂದು ನಿಂತಿದ್ದಾಳೆ ಎಂದರೆ ಇನ್ನು ಭಯ ಎಂಥದು ಎಂದು ಊರಿಗೆ ತೋರಿಸುವ ಲೆಕ್ಕ. ಸಾಬವ್ವ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಒಂದನ್ನು ಅವಳ ಕಡೆ ಚಾಚಿದಳು. ಬೇಡ ಅನ್ನಲಾಗಲಿಲ್ಲ.

‘ಒಂದ ಮಾತ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ನೀವು ಕಾಲೇಜಿನ್ಯಾಗ ಇದನ್ನ ಕಲಿಸ್ತೀರಂತ. ಅಂವ ಕುಡದ ಸತ್ತನೇನ್ರಿ?’

ಪಕ್ಕದಲ್ಲಿ ಯಾರೋ ಫೋನಿನಲ್ಲಿ ಮೆಹಂದಿಯ ವಿಡಿಯೋ ನೋಡುತ್ತಿದ್ದರು. ಸ್ವರ್ಣಲತಾ ಬಾಳೆಹಣ್ಣಿನ ಸಿಪ್ಪೆ ಸುಲಿದಳು.

‘ಕುಡೀತಿದ್ನ್ರಿ. ಸುಳ್ಳ ಯಾಕ ಹೇಳ್ಲಿ? ಕುಡದ ಬಂದ್ರ ಹಾಡ ಹಾಡ್ತಿದ್ದ, ಹೊಡೀತಿರ್ಲಿಲ್ಲ, ಅಷ್ಟ ಪುಣ್ಯಾ. ಖರೇ ಅವತ್ತ ಸೋಮವಾರ. ಸೋಮವಾರ ಅಂವ ಚಹಾ ಸೈತ ದೇವರಿಗಿ ಹೇಳಿ ಕುಡೀತಿದ್ದ. ನಾನ ಮುಂಜಾನಿ ರೊಟ್ಟಿ ಕಟ್ಟಿ ಕಳಸೀನಿ. ಅಂವ ಎಲ್ಲಿ ಕುಡದಾನು, ಯಾವಾಗ ಕುಡದಾನು? ಮಣ್ಣ ಮಾಡೂಮುಂದ ನಮ್ ಮಾವ ಮಗನ ಮಾರಿ ನೋಡ್ಲಿಲ್ರಿ. ಕುಡದು ಎಂಜಲಗುಂಡ್ಯಾಗ ಬಿದ್ದ ಸತ್ತೋನ ಮಾರಿ ಏನ್ ನೋಡೂದು ಅಂದ. ನನ್ನ ಹುಡುಗ್ರ ಮುಂದೂ ಅದನ್ನ ಹೇಳ್ತಾನ. ನಿಮ್ಮಪ್ಪ ಹಿಂಗ ಸತ್ತ, ನೀವು ಹಂಗ ಆಗಬ್ಯಾಡ್ರಿ ಅಂತ, ಉಣ್ಣಾಕ ಕುಂತಾಗ. ರೊಕ್ಕ ಬ್ಯಾಡ ನನಗ. ಕುಡದಿದ್ನೋ ಇಲ್ಲೋ, ಬಲ್ಲವ್ರು ಯಾರಾರ ಒಬ್ರು ಹೇಳ್ರಿ.’

‘ಅಲ್ಲಿ ಹೇಳ್ತೇನೆ ಸಾಬವ್ವ. ಭವನದಲ್ಲಿ. ಎಲ್ಲರ ಎದುರು ಹೇಳ್ತೇನೆ.’

‘ಇಲ್ಲೇ ಹೇಳಿದ್ರೂ ನಡೀತದ್ರಿ’ ಅಂದಳು ಸಾಬವ್ವ, ‘ಇಲ್ಲೂ ಮಂದಿ ಅದಾರಲ್ಲ.’

ಹೇಳಬಹುದಿತ್ತು. ಘಣಸೋಲಿ, ಕೋಪರ್‌ಖೈರಣೆ, ಒಂದೊಂದು ಸ್ಟೇಷನ್ನೂ ಹೇಳು ಎಂದು ನಿಂತು, ಕಾದು, ಹೊರಟುಹೋಯಿತು. ಇಲ್ಲ ಅನ್ನುವ ಎರಡಕ್ಷರದ ಹಿಂದೆಯೇ, ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಅನ್ನುವುದು ಬರುತ್ತದೆ, ಅದಕ್ಕೆ ಉತ್ತರ ಅವಳ ಬಳಿ ಇತ್ತು, ಅದೇ ತೊಂದರೆ. ಆ ಸೋಮವಾರ ಕಾಲೇಜಿಗೆ ರಜೆ. ಭವನದ ಮಹಡಿಯಲ್ಲಿ ಹೆಂಗಸರ ಭಜನೆಯ ಅಭ್ಯಾಸ. ಕೈಯಲ್ಲಿ ತಾಳ ಹಿಡಿದು ಅವಳು ಕಿಟಕಿಯ ಬದಿಯಲ್ಲಿ ಕೂತಿದ್ದಳು. ಮದುವೆಯ ಹಿಟ್ಟು, ಬೇಳೆ ಒಳಗೆ ವಾರವಿಡೀ ಕೊಳೆತು ತೊಟ್ಟಿಯ ಬಾಯಿ ಕಟ್ಟಿತ್ತು. ಕೆಳಗೆ ಮುಚ್ಚಳ ತೆಗೆದದ್ದೇ ತಡ, ವಾಸನೆ ಮಹಡಿಗೆ ಏರಿತು. ‘ಅಯ್ಯಯ್ಯೋ, ಮೊಟ್ಟೆ ಮಾರಾಯ್ತಿ! ಯಾರೋ ಕೊಳೆತ ಮೊಟ್ಟೆ ಹಾಕಿದ್ದಾರೆ’ ಎಂದು ರಮಾಮಣಿ ಹಾರ್ಮೋನಿಯಂ ಬಿಟ್ಟು ಮೂಗು ಹಿಡಿದಳು. ಕೆಳಗೆ ಮಧ್ವೇಶರಾಯರ ದನಿ ನಡುಗುತ್ತಿತ್ತು, ಸಿಟ್ಟಿನಿಂದಲ್ಲ, ನಿಜವಾದ ಸಂಕಟದಿಂದ: ದೇವರ ಒಲೆಗೆ ಹೋಗುವ ಗ್ಯಾಸು! ಹಿಂದೊಮ್ಮೆ ಶಂಕ್ರೆಪ್ಪನ ಬುತ್ತಿಯಲ್ಲಿ ಮೊಟ್ಟೆಯ ಸಿಪ್ಪೆ ಕಂಡು ದೊಡ್ಡ ರಾದ್ಧಾಂತವಾಗಿ, ಅಂಗಳಕ್ಕೆಲ್ಲ ಗೋಮೂತ್ರ ಹೊಡೆಸಿದ್ದರು. ‘ನೀನೇ ಅಲ್ವಾ ಹಾಕಿದ್ದು? ಸತ್ಯ ಹೇಳು. ಇಳಿ. ಇಳಿದು ಹೆಕ್ಕಿ ತೆಗಿ, ಒಂದು ಚೂರು ಇರ್ಬಾರ್ದು.’ ನಾ ಹಾಕಿಲ್ರಿ ಸಾಹೇಬ್ರ, ದೇವರಾಣಿ ಹಾಕಿಲ್ರಿ, ಎನ್ನುತ್ತಲೇ ಶಂಕ್ರೆಪ್ಪ ಪ್ಯಾಂಟು ಮಡಚಿದ. ರಂಜನ್ ಅವನ ಸೊಂಟಕ್ಕೆ ಹಗ್ಗ ಕಟ್ಟಿದ, ಜಾಗ್ರತೆಗೆ. ಅದು ಮೊಟ್ಟೆಯಲ್ಲ. ತೊಟ್ಟಿಯಲ್ಲಿ ಮೊಟ್ಟೆ ಎಂಬುದೇ ಇಲ್ಲ. ಅದು ನಿಮ್ಮ ಉದ್ದಿನಬೇಳೆ. ಎಲ್ಲ ನಾಲಗೆಯ ತುದಿಯಲ್ಲಿತ್ತು. ಇಡ್ಲಿಯನ್ನು ಬಂಗುಡೆ ಮಾಡಿದ ಮೇಡಂ ಈಗ ಮೊಟ್ಟೆಯನ್ನು ಬೇಳೆ ಮಾಡಿದರು ಎಂಬ ನಗೆಯೂ ಅಲ್ಲೇ ಪಕ್ಕದಲ್ಲಿ ಕಾದಿತ್ತು. ತೊಟ್ಟಿಯ ಮೆಟ್ಟಿಲಿನ ಅರ್ಧಕ್ಕೆ ಇಳಿದ ಶಂಕ್ರೆಪ್ಪ ತಲೆ ಎತ್ತಿ, ‘ವಾಸನಿ ಹೋತ್ ನೋಡ್ರಿ ಸಾಹೇಬ್ರ, ಈಗೇನಿಲ್ಲ’ ಎಂದು ನಕ್ಕ. ಮಹಡಿಯಲ್ಲಿ ವಾಸನೆ ಇನ್ನೂ ಹಾಗೆಯೇ ಇತ್ತು. ಆ ಗ್ಯಾಸು ಹೆಚ್ಚಾದಾಗ ಮೊದಲು ಸಾಯುವುದು ಮೂಗು. ಪ್ರತಿ ವರ್ಷ ಪಾಠದಲ್ಲಿ ಹೇಳುತ್ತಾಳೆ. ‘ನೋಡಿ ಇಲ್ಲಿ’ ಎಂದು ರಂಜನನನ್ನು ಕರೆದಳು, ಕರೆದದ್ದು ಹೌದು, ಆದರೆ ಹತ್ತು ಜನರ ಎದುರು ಹೆಂಡತಿ ಗಂಡನನ್ನು ಕರೆಯುವಷ್ಟೇ ಮೆಲ್ಲಗೆ. ರಮಾಮಣಿ ಶ್ರುತಿ ಹಿಡಿದಿದ್ದಳು. ಆಮೇಲೆ ಹಗ್ಗ ಎಳೆಯುವ ಕೂಗು.

ಅವಳು ಮಹಡಿಯಿಂದ ಇಳಿದು ಬರುವಾಗ, ಮೇಲೆತ್ತಿ ಮಲಗಿಸಿದ ಅವನ ಅಂಗಿಯಿಂದ ಹುಳಿ ನಾತ ಬರುತ್ತಿತ್ತು. ‘ಕಳ್ಳು ಮಾರ್ರೆ, ಹುಳಿ ಬಂದ ಕಳ್ಳು. ನಮಗೆ ಊರಲ್ಲಿ ಗೊತ್ತಿಲ್ವಾ ಈ ವಾಸನೆ? ಕುಡಿದೇ ಇಳಿದದ್ದು ಇವ’ ಅಂದರು ಮಧ್ವೇಶರಾಯರು. ಹೇಳಿ ಅವಳ ಕಡೆ ನೋಡಿದರು. ಎಲ್ಲರೂ ನೋಡಿದರು. ಆ ಹುಳಿಯ ಹೆಸರು ಅವಳಿಗೆ ಗೊತ್ತಿತ್ತು, ಬೇಳೆಯ ಯಾವ ಅಮೈನೋ ಆಮ್ಲ ಮುರಿದರೆ ಯಾವ ಹುಳಿ ಬರುತ್ತದೆ ಎಂಬುದೂ ಗೊತ್ತಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅಷ್ಟು ಸಾಕಾಯಿತು ಅವರಿಗೆ. ಮೇಡಂ ಸಹ ಮೂಗು ಮುಚ್ಚಿಕೊಂಡ್ರು, ಮೇಡಂ ಸಹ ಅಲ್ಲ ಅನ್ಲಿಲ್ಲ.

ಇಬ್ಬರೂ ಸೀವುಡ್ಸಿನಲ್ಲಿ ಇಳಿದು ಬಂದಾಗ ಭವನದ ಬಾಗಿಲಲ್ಲಿ ಮಾವಿನ ತೋರಣ. ಹೋಮ ಮುಗಿಯುತ್ತ ಬಂದಿತ್ತು. ಭಟ್ಟರು ದರ್ಭೆಯಿಂದ ತೊಟ್ಟಿಯ ಮುಚ್ಚಳದ ಮೇಲೆ ನೀರು ಚಿಮುಕಿಸುತ್ತಿದ್ದರು. ಮುಚ್ಚಳದ ಮೇಲೆ ಯಾರೋ ಪದ್ಮದ ರಂಗೋಲಿ ಬರೆದು ಅರಶಿನ ಕುಂಕುಮ ಇಟ್ಟಿದ್ದರು. ಒಳಗಿನ ಬ್ಯಾಕ್ಟೀರಿಯಾಕ್ಕೆ ಇದರ ಗಂಧವೂ ಇಲ್ಲ, ಎಂದುಕೊಂಡಳು, ಅವು ತಮ್ಮ ಪಾಡಿಗೆ ಒಂದನ್ನು ಕಿತ್ತು ಇನ್ನೊಂದರ ಮೇಲೆ ಹೇರುತ್ತಿವೆ. ಸಾಬವ್ವ ಚಪ್ಪಲಿಗಳ ಬಳಿಯೇ ನಿಂತಳು, ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ರಂಜನ್ ಬಿಳಿ ಪಂಚೆಯಲ್ಲಿ ಬೆವರುತ್ತ ಬಂದ.

‘ಎಷ್ಟು ಹೊತ್ತು! ಕಾರಲ್ಲೇ ಬಾ ಅಂದೆ ನಾನು. ಸೀರೆ ಎಲ್ಲ ಮುದುಡಿಹೋಯ್ತು ನೋಡು.’

‘ಆ ಕೆಲಸ ಅವಳಿಗೆ ಕೊಡುವ ಬುದ್ಧಿ ಯಾರದ್ದು?’

‘ಯಾಕೆ? ಪಾಪ, ಅವಳಿಗೂ ಒಂದು ದಾರಿ ಆಗ್ಬೇಕಲ್ಲ. ನಾನೇ ಹೇಳಿದ್ದು ಕಮಿಟಿಯಲ್ಲಿ. ಮೊದಲು ಒಪ್ಲಿಲ್ಲ ಅವ್ರು, ಒಪ್ಪಿಸಿದೆ.’ ಅವನ ಮುಖದಲ್ಲಿ ನಿಜವಾಗಿಯೂ ಒಳ್ಳೆಯತನ ಇತ್ತು. ಒಳ್ಳೆಯ ಕೆಲಸ ಮಾಡಿ ಹೊಗಳಿಕೆಗೆ ಕಾಯುವ ಮುಖ. ಅವಳಿಗೆ ಹೊಡೆಯಬೇಕೆನಿಸಿತು.

‘ಅವನನ್ನು ಇಳಿಸಿದ್ದು ನೀವು.’

‘ಹಗ್ಗ ಕಟ್ಟಿದವ ನಾನು ಲತಾ. ನಾನೊಬ್ಬನೇ ಕಟ್ಟಿದ್ದು.’ ಸುತ್ತ ನೋಡಿ ದನಿ ತಗ್ಗಿಸಿ ತುಳುವಿಗೆ ಇಳಿದ. ‘ಮನಿಪಂದೆ ಕುಲ್ಲು.’ ಸುಮ್ಮನೆ ಕೂತಿರು. ಮನೆಯ ಮಾತಿನಲ್ಲಿ, ಹಾಸಿಗೆಯ ಮಾತಿನಲ್ಲಿ. ‘ಎರಡು ವಾಕ್ಯ ಹೇಳು, ಕೂತ್ಕೊ. ಊಟಕ್ಕೆ ಹೊತ್ತಾಗ್ತದೆ.’

ಮಧ್ವೇಶರಾಯರು ಮೈಕು ಹಿಡಿದು, ದಿವಂಗತ ಶಂಕ್ರೆಪ್ಪನ ದುರ್ಬುದ್ಧಿಯಿಂದ ಆದ ಅನಾಹುತ, ಆದರೂ ಭವನದ ದೊಡ್ಡ ಮನಸ್ಸು, ಅವನ ಪತ್ನಿಗೆ ಉದ್ಯೋಗ, ಎಂದೆಲ್ಲ ಹೇಳಿ, ‘ಈಗ ನಮ್ಮವರೇ ಆದ ಸ್ವರ್ಣಲತಾ ಮೇಡಂ, ಇವತ್ತು ಬಂಗುಡೆ ಮಾಡೂದಿಲ್ಲ ಅಂತ ನಂಬುವಾ’ ಎಂದರು. ನಗೆ ಎದ್ದಿತು. ಈ ಸಲ ಅವಳು ನಗಲಿಲ್ಲ. ಮೈಕಿನ ಹಿಡಿ ಅವರ ಕೈಯ ಬೆವರಿನಿಂದ ಒದ್ದೆಯಾಗಿತ್ತು. ಅವಳು ಶುರುಮಾಡಿದಳು, ಸಿಟ್ಟಿನಲ್ಲಿ ಶುರುಮಾಡಿದಳು, ಆದರೆ ಬಾಯಿಗೆ ಬಂದದ್ದು ಪಾಠ. ಆಮ್ಲಜನಕರಹಿತ ಪರಿಸರದಲ್ಲಿ ಸೂಕ್ಷ್ಮಜೀವಿಗಳು ಅಮೈನೋ ಆಮ್ಲಗಳನ್ನು ಜೋಡಿಯಾಗಿ ವಿಘಟಿಸುತ್ತವೆ. ಈ ಕ್ರಿಯೆಯಲ್ಲಿ ಅಮೋನಿಯಾ, ಸಾವಯವ ಆಮ್ಲಗಳು ಮತ್ತು ಹೈಡ್ರೋಜನ್ ಸಲ್ಫೈಡ್ ಬಿಡುಗಡೆಯಾಗುತ್ತವೆ. ದ್ವಿದಳ ಧಾನ್ಯಗಳೂ ಇದಕ್ಕೆ ಹೊರತಲ್ಲ. ಸದರಿ ಅನಿಲವು ಮಾರಕವಾಗಬಲ್ಲದು. ಎಲ್ಲ ಹೇಳಿದಳು. ಒಂದನ್ನೂ ಬಿಡಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ‘ಎಂಥಾ ಶುದ್ಧ ಕನ್ನಡ!’ ಎಂದು ಮುಂದಿನ ಸಾಲಿನಲ್ಲಿ ರಮಾಮಣಿ ಅಂದದ್ದು ಕೇಳಿಸಿತು. ಮಧ್ವೇಶರಾಯರೂ ತಟ್ಟುತ್ತಿದ್ದರು. ರಂಜನ್ ದೂರದಿಂದ ಹೆಬ್ಬೆರಳು ಎತ್ತಿದ.

ಅಷ್ಟೇ. ಸತ್ಯ ಹೇಳಿಯೂ ಆಯಿತು, ಯಾರಿಗೂ ತಾಗಲೂ ಇಲ್ಲ. ತಾಗದ ಹಾಗೆ ಹೇಳುವುದನ್ನೇ ಇಷ್ಟು ವರ್ಷ ಕಲಿತದ್ದು ತಾನು. ಮೈಕು ಕೆಳಗಿಡಲು ಬಗ್ಗಿದಳು.

‘ಅಕ್ಕೋರ, ನನಗ ತಿಳೀಲಿಲ್ರಿ.’

ಸಾಬವ್ವ ಚಪ್ಪಲಿಗಳ ಬಳಿಯಿಂದ ಹೊರಟು, ಕುರ್ಚಿಗಳ ನಡುವಿನ ದಾರಿಯಲ್ಲಿ ಬರುತ್ತಿದ್ದಳು. ‘ಅದೇನೋ ಆಮ್ಲ ಗೀಮ್ಲ ಅಂದ್ರಿ. ಕುಡದಿದ್ನೋ ಇಲ್ಲೋ, ಅಷ್ಟ ಹೇಳ್ರಿ.’

‘ಏ, ಆಮೇಲೆ ಕೇಳುವಾ, ಊಟ ಆಗ್ಲಿ’ ಅಂದರು ಮಧ್ವೇಶರಾಯರು.

‘ಇಲ್ಲ’ ಅಂದಳು ಸ್ವರ್ಣಲತಾ. ಮೈಕಿನಲ್ಲಿ ಅದು ಅವಳಿಗೇ ಬೆಚ್ಚಿಬೀಳುವಷ್ಟು ದೊಡ್ಡದಾಗಿ ಕೇಳಿತು. ‘ಕುಡಿದಿರಲಿಲ್ಲ.’

ಸಾಬವ್ವ ಕಣ್ಣೊರೆಸಿಕೊಳ್ಳಲಿಲ್ಲ, ಕೈ ಮುಗಿಯಲಿಲ್ಲ. ರವಿಕೆಯೊಳಗಿನಿಂದ ಫೋನು ತೆಗೆದು, ವೇದಿಕೆಯ ಮೆಟ್ಟಿಲು ಹತ್ತುತ್ತಲೇ ಒತ್ತಿ, ಸ್ಪೀಕರ್ ಹಾಕಿ, ಮೈಕಿನ ಮುಂದೆ ಹಿಡಿದಳು. ‘ಇದನ್ನ ನಮ್ ಮಾವಗ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ ಅಂವ.’ ಫೋನಿನ ರಿಂಗು ಸಭೆಯ ತುಂಬ ಹೊಡೆದುಕೊಳ್ಳತೊಡಗಿತು. ‘ಮೈಕ್ ನಿಲ್ಸಿ ಮಾರ್ರೆ!’ ಎಂದು ಯಾರೋ ಕೂಗಿದರು. ಮೈಕಿನವನು ಕನ್ನಡ ಬಾರದ ಮರಾಠಿ ಮನುಷ್ಯ, ದನಿ ಸಾಲದು ಎನ್ನುತ್ತಿದ್ದಾರೆಂದು ಇನ್ನಷ್ಟು ಏರಿಸಿದ.

‘ಯಾರು?’ ಮುದುಕನ ದನಿ, ಹಿಂದೆ ಎಲ್ಲೋ ಕೋಳಿ, ಮಕ್ಕಳ ಗದ್ದಲ.

‘ನಾ ಸಾಬವ್ವ ರೀ ಮಾವ. ಭವನದ ಕಾಲೇಜ್ ಅಕ್ಕೋರು ಮಾತಾಡ್ತಾರ. ಕೇಳ್ರಿ.’

‘ನಿಮ್ಮ ಮಗ ಕುಡಿದಿರಲಿಲ್ಲ’ ಅಂದಳು ಸ್ವರ್ಣಲತಾ.

‘ಏನು? ಕಿವಿ ಮಂದ ಅದ ನಂದು. ಜೋರ್ ಹೇಳ್ರಿ.’

‘ಶಂಕ್ರೆಪ್ಪ ಕುಡಿದಿರಲಿಲ್ಲ! ಅವತ್ತು ಕುಡಿದಿರಲೇ ಇಲ್ಲ!’ ಇಷ್ಟು ಜೋರಾಗಿ ಅವಳು ಯಾವ ಸಭೆಯಲ್ಲೂ, ಯಾವ ಮನೆಯಲ್ಲೂ ಕೂಗಿರಲಿಲ್ಲ. ರಂಜನ್ ಎದ್ದು ಎರಡು ಕೈಯಿಂದಲೂ ಸಾಕು ಸಾಕು ಎನ್ನುತ್ತಿದ್ದ.

ಆ ಕಡೆ ಕೋಳಿ ಮಾತ್ರ.

‘ಮತ್ತ ಹ್ಯಾಂಗ ಸತ್ತ?’

‘ನಾವು ಉಂಡು ಉಳಿದ ಬೇಳೆ ಗುಂಡಿಯಲ್ಲಿ ಕೊಳೆತಿತ್ತು. ವಿಷದ ಗಾಳಿ ತುಂಬಿತ್ತು. ಮೊಟ್ಟೆ ಹಾಕಿದ್ದೀಯ, ಹೆಕ್ಕು ಅಂತ ಇಳಿಸಿದ್ರು. ಅವನು ಹಾಕಿರಲಿಲ್ಲ, ಮೊಟ್ಟೆ ಇರಲೇ ಇಲ್ಲ. ಇಳಿಸಿದವರು ಇಲ್ಲೇ ಕೂತಿದ್ದಾರೆ. ಹಗ್ಗ ಕಟ್ಟಿ ಇಳಿಸಿದವರು ನನ್ನ ಗಂಡ. ವಾಸನೆ ಕಳ್ಳಿನದಲ್ಲ, ನಮ್ಮ ಎಂಜಲಿನದು.’

ಮುದುಕ ಉಸಿರೆಳೆದದ್ದು ಮೈಕಿನಲ್ಲಿ ಬಿರುಗಾಳಿಯ ಹಾಗೆ ಬಂತು. ಮಕ್ಕಳನ್ನು ಸುಮ್ಮನಿರಿಸುತ್ತಿದ್ದ. ಆಮೇಲೆ ಮೆಲ್ಲಗೆ, ಕಿವಿ ಮಂದ ಇದ್ದವರು ಮಾತಾಡುವ ರೀತಿಯಲ್ಲಲ್ಲ, ಪಕ್ಕದಲ್ಲೇ ಕೂತವರನ್ನು ಕೇಳುವ ಹಾಗೆ, ಕೇಳಿದ:

‘ಆವಾಗ ನೀವು ಎಲ್ಲಿ ಇದ್ರಿ?’

ಮಧ್ವೇಶರಾಯರು ಕೂತೇ ಇದ್ದರು. ರಂಜನನ ಕೈಗಳು ಗಾಳಿಯಲ್ಲಿ ನಿಂತಿದ್ದವು. ಸಾಬವ್ವ ಮೊದಲ ಸಲ ತಲೆ ತಿರುಗಿಸಿ ಅವಳ ಮುಖವನ್ನು ನೋಡಿದಳು.

‘ಮೇಲೆ ಇದ್ದೆ’ ಅಂದಳು ಸ್ವರ್ಣಲತಾ. ‘ಕಿಟಕಿಯಲ್ಲಿ. ನನಗೆ ಗೊತ್ತಿತ್ತು.’

ಆ ಕಡೆಯಿಂದ ಏನೂ ಬರಲಿಲ್ಲ. ಕೇಳಿಸಲಿಲ್ಲವೇನೋ. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಮುದುಕ ಕೇಳದಿದ್ದರೂ, ಇನ್ನೊಮ್ಮೆ ಹೇಳಿದಳು, ಜೋರಾಗಿ.